ದೇವರಿಗೆ ಕೊಟ್ಟ ಸಗಣಿ

ದೀಪಾವಳಿ ಮುಗಿದ ಮೇಲೆ ನಮ್ಮೂರ ಗುಡಿಯ ಮುಂದೆ ಸಗಣಿ ಎರಚಾಡುವ ಹಬ್ಬ. ಅದಕ್ಕೆ ಮನೆಮನೆಯಿಂದ ಸಗಣಿ ಹೋಗಬೇಕು. ಬೇರೆಯವರು ಬುಟ್ಟಿ, ಮಂಕರಿಯಲ್ಲಿ ಕೊಟ್ಟರೆ ನಾನು ಟ್ರೇಲರ್ ತುಂಬ ಕೊಡಬೇಕು, ಅಂಥ ಜಂಬದ ಕೋಳಿ ನಾನು. ಈಚೆಗೊಂದು ಹಬ್ಬಕ್ಕೆ ಎಷ್ಟೋ ದಿನ ಮೊದಲಿನಿಂದ ಹಿತ್ತಿಲ ಗೋಬರ್ ಗ್ಯಾಸ್ ತೊಟ್ಟಿಗೆ ಒಂದು ಹಿಡಿಯನ್ನೂ ಹಾಕದೆ ಎಲ್ಲವನ್ನೂ ಕೂಡಿಟ್ಟೆ. ಟ್ರ್ಯಾಕ್ಟರ್ ಗುಡಿಯ ಮುಂದೆ ನಿಂತಾಗ ಜನ ಬಾಯಿ ಬಿಟ್ಟುಕೊಂಡು ನೋಡಿದರು.

ತೊಟ್ಟಿಗೆ ಇದೆಲ್ಲ ಗೊತ್ತೇ? ಹೊಟ್ಟೆಗಿಲ್ಲದೆ ಅದು ಗ್ಯಾಸ್ ಕೊಡುವುದನ್ನು ನಿಲ್ಲಿಸಿತು. ಹಬ್ಬದ ಬೆಳಿಗ್ಗೆ ಒಲೆಯ ಉರಿ ಕಡಲೆಕಾಳಿನಷ್ಟಾಗಿ ಆರಿಯೇ ಹೋಯಿತು. ಹೆಂಡತಿಗೆ ಆಗಷ್ಟೇ ಕಣ್ಣಿನ ಆಪರೇಷನ್ ಆಗಿತ್ತು. ಹೊಗೆ ಸೋಕಲೇಬಾರದೆಂದು ಸತ್ಯಮಂಗಲದ ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದ್ದರು. ಸಿಲಿಂಡರ್ ನಮಗ್ಯಾಕೆ ಎಂದು ವಾಪಸ್ ಕಳಿಸಿದವನೂ ನಾನೇ. ಅವಳು ಕಪ್ಪು ಕನ್ನಡಕ ಹಾಕಿಕೊಂಡು ಸೌದೆ ಒಲೆಯ ಮುಂದೆ ಕೂತಳು. ನಾನು ಊದುತ್ತೇನೆ ಎಂದರೆ, "ನೀವು ಊದುದ್ರ ಬೂದಿಯೆಲ್ಲ ಅನ್ನಕ್ಕ ಬೀಳ್ತದ. ಓಗಿ, ಅಬ್ಬ ಮಾಡೋಗಿ" ಎಂದಳು.

ಎರಚಾಟ ಮುಗಿದ ಮೇಲೆ ಆ ಸಗಣಿಯನ್ನು ಜನ ಹೊಲಕ್ಕೆ ಒಯ್ಯುತ್ತಾರೆ. ಅದು ಪ್ರಸಾದ, ಬೆಳೆ ಚೆನ್ನಾಗಿ ಬರುತ್ತದೆ ಎಂಬ ನಂಬಿಕೆ. ನಾನೂ ಮಂಕರಿಗೆ ತುಂಬಿಕೊಂಡೆ. ಆದರೆ ಹೊಲದ ದಾರಿ ಬಿಟ್ಟು ಮನೆಯ ದಾರಿ ಹಿಡಿದೆ. ಎದುರುಮನೆಯ ಹಿರಿಯರು ಅಡ್ಡ ಬಂದರು.

"ಒಲ ಅತ್ತಗದ ಕಣ್ಲಾ. ಇತ್ತಗ ಎಲ್ಲಿಗ ಒಯ್ತಿದ್ದಯ್?"

"ಗ್ಯಾಸ್ ತೊಟ್ಟಿಗ. ಆಮೇಲ ಉಳ್ಯೋ ಬಗ್ಗಡ ಒಲಕ್ಕೇ ತಾನೇ ಓಗದು?"

"ಸ್ವಾಮಿ ಸಗಣೀಲಿ ಕಾಪಿ ಕಾಯ್ಸಿಯಾ? ದೇವ್ರಿಗ ಕೊಟ್ಬುಟ್ಟು ವಾಪಸ್ ತಕ್ಕಂಡೋಯ್ತಾವ್ನ, ನೋಡ್ರಪ್ಪೋ!"

ಮೈಯೆಲ್ಲ ಸಗಣಿ ಮೆತ್ತಿಕೊಂಡಿದ್ದ ಊರಿಗೆ ಊರೇ ನಕ್ಕಿತು. ಹೆಂಡತಿಯ ಕಣ್ಣಿನ ಮಾತು ನಾಲಿಗೆಯ ತುದಿಗೆ ಬಂತು. ಅದನ್ನು ಹೇಳಿದರೆ ಟ್ರೇಲರಿನ ಕಥೆಯನ್ನೂ ಹೇಳಬೇಕು. ನುಂಗಿಕೊಂಡೆ. ಎಲ್ಲರೂ ನೋಡುತ್ತಿದ್ದಂತೆ ಹೊಲಕ್ಕೆ ಹೋಗಿ ಸುರಿದು ಬಂದೆ. ನಾಚಿಕೆಯಿಂದ ಭೂಮಿಗೆ ಇಳಿದುಹೋದಂತಾಗಿತ್ತು. ಸಿಟ್ಟೂ ಇತ್ತು, ಆದರೆ ಯಾರ ಮೇಲೆ ತೋರಿಸುವುದು? ಮನೆಯಲ್ಲಿ ಹೆಂಡತಿಗೆ, ಊರವರು ತೊಟ್ಟಿಗೆ ಹಾಕಲು ಬಿಡಲಿಲ್ಲ ಎಂದಷ್ಟೇ ಹೇಳಿದೆ.

ಮರುದಿನ ಬೆಳಿಗ್ಗೆ ಆ ಹಿರಿಯರ ಹೆಂಡತಿ ಮಂಕರಿ ಹೊತ್ತುಕೊಂಡು ನಮ್ಮ ಹಿತ್ತಿಲಿಗೆ ಬಂದರು.

"ಇದು ನಮ್ಮ ಅಸುವಿಂದು ಕಣಪ್ಪ, ದೇವ್ರುದಲ್ಲ. ನಿಮ್ಮನಲಿ ಒಗ ಏಳ್ತಿದ್ದುದ್ದ ಕಂಡು ನಮ್ಮವ್ರೇ ಕಳುಸುದ್ರು. ಗ್ಯಾಸ್ ಬರೋಗಂಟ ದಿನಾ ತಂದಾಕ್ತೀನಿ. ಅಲ್ಲೀಗಂಟ ಅಡ್ಗ ನಮ್ಮನಲೇ ಆಗ್ಲಿ, ಅವಳ್ನ ಸೌದ ಒಲ ಮುಂದ ಕೂರುಸ್ಬ್ಯಾಡ."

ನಾನು ತಲೆ ತಗ್ಗಿಸಿಕೊಂಡೇ ಮಂಕರಿ ಇಳಿಸಿಕೊಂಡೆ. ಅವರು ಸೆರಗಿನಿಂದ ಕೈ ಒರೆಸಿಕೊಳ್ಳುತ್ತಾ ಕೇಳಿದರು, "ನೆನ್ನ ಅವಳ ಕಣ್ಣಿನ ಇಸ್ಯ ಒಂದ್ಮಾತ್ ಏಳಿದ್ರ, ಯಾರ್ ತಾನೇ ತಡೀತಿದ್ರು ನಿನ್ನ?"

ಒಳಗೆ ಹೆಂಡತಿ ಒಲೆ ಊದುವುದನ್ನು ನಿಲ್ಲಿಸಿದಳು. ನಾನು ಹೇಳಿರಲಿಲ್ಲವೆಂದು ಅವಳಿಗೆ ಗೊತ್ತಾದದ್ದು ಆಗಲೇ.