ಮೊದಲ ಸೋರೆಕಾಯಿಯ ಎಡೆ

ಹೋದ ವರ್ಷದ ಶ್ರಾವಣ, ಒಂದು ಸೋಮವಾರ. ನಾವು ಯಾದಗಿರಿ ಕಡೆಯವರು, ಪುಣೆಯ ಖರಾಡಿಯಲ್ಲಿ ಅತ್ತೆ, ನನ್ನವರು, ನಾನು ಬಾಡಿಗೆಗಿದ್ದೇವೆ. ನನ್ನವರದು ಕಟ್ಟಡಗಳಿಗೆ ಬಣ್ಣ ಹೊಡೆಯುವ ಕೆಲಸ. ಸಂತೆಯ ಖರ್ಚು ಕೈಮೀರಿದಾಗ ನಾನು ಅಂಗಡಿ ಮಸಾಲೆ, ಪ್ಯಾಕೆಟ್ ಹಿಟ್ಟು ಎಲ್ಲ ಬಿಟ್ಟು ಮನೆಯಲ್ಲೇ ಮಾಡತೊಡಗಿದೆ. ಮಾಳಿಗೆ ಮೇಲೆ ಚೀಲಗಳಲ್ಲಿ ಮೆಂತ್ಯೆ, ಟೊಮೆಟೊ, ಸೋರೆ ಹಾಕಿದೆ. ಅಕ್ಕಪಕ್ಕದವರೆದುರು ಸ್ವಲ್ಪ ಜಂಬವನ್ನೂ ಕೊಚ್ಚಿಕೊಂಡೆ ಅನ್ನಿ.

ಬೇಸಿಗೆಯಲ್ಲಿ ಬಾಡಿಹೋಗಿದ್ದ ಸೋರೆಬಳ್ಳಿ ಮಳೆ ಬಿದ್ದ ಮೇಲೆ ಚಿಗುರಿ ಕಾಯಿ ಬಿಟ್ಟಿತು. ನಮ್ಮಲ್ಲಿ ಬಳ್ಳಿಯ ಮೊದಲ ಕಾಯಿ ದೇವರಿಗೆ. ಎಡೆಗೆ ಮಾಡಿದ ಅಡುಗೆಯ ರುಚಿ ನೋಡುವಂತಿಲ್ಲ, ನೋಡಿದರೆ ಎಂಜಲು. ಹಾಗಾಗಿ ಪಲ್ಯ ಮಾಡಿ, ಎಡೆ ಹಿಡಿದು, ಬೆಳಗಿನಿಂದ ಉಪವಾಸವಿದ್ದ ಅತ್ತೆಗೆ ಸಂಜೆ ರೊಟ್ಟಿಯೊಂದಿಗೆ ಬಡಿಸಿದೆ. ನಾನೂ ಒಂದು ತುತ್ತು ಬಾಯಿಗಿಟ್ಟೆ. ಬೇವಿಗಿಂತ ಕಹಿ.

"ಭಾಳ ಕಹಿ ಅದರೀ ಅತ್ತಿ, ಬಿಟ್ಟುಬಿಡ್ರಿ," ಎಂದೆ.

"ದೇವರಿಗೆ ಎಡಿ ಹಿಡದದ್ದು ಚೆಲ್ಲತಾರೇನವಾ? ಕಹಿ ತಿಂದ್ರ ರಕ್ತ ಚಲೋ ಆಗ್ತದ," ಎಂದು ಅತ್ತೆ ತಮ್ಮ ತಟ್ಟೆಯಲ್ಲಿದ್ದದ್ದನ್ನೂ ನನ್ನದನ್ನೂ ಉಂಡರು. ಪ್ರಸಾದ ಎಂದಮೇಲೆ ನಾನು ಹೆಚ್ಚು ಒತ್ತಾಯಿಸಲಿಲ್ಲ.

ಪಾತ್ರೆ ತೊಳೆಯುತ್ತಿದ್ದಾಗ ಅವರು ಹೊಟ್ಟೆ ಹಿಡಿದುಕೊಂಡು ನರಳಿದ್ದು ಕೇಳಿಸಿತು. ವಾಂತಿ ಶುರುವಾದದ್ದು ನಿಲ್ಲಲೇ ಇಲ್ಲ. ಕೊನೆಗೆ ವಾಂತಿಯಲ್ಲಿ ರಕ್ತ ಕಂಡೊಡನೆ ಫೋನಿಗೆ ಕೈ ಹಾಕಿದೆ. ನನ್ನವರು ಕೆಲಸಕ್ಕೆಂದು ದೌಂಡಕ್ಕೆ ಹೋಗಿದ್ದರು, ಫೋನ್ ಎತ್ತಲಿಲ್ಲ. ಪಕ್ಕದ ಮನೆಯ ಮರಾಠಿ ತಾಯಿ ಓಡಿ ಹೋಗಿ ರಿಕ್ಷಾ ತಂದರು. ದಾರಿಯುದ್ದಕ್ಕೂ ಅತ್ತೆಯ ತಲೆ ನನ್ನ ಹೆಗಲ ಮೇಲೆ ವಾಲುತ್ತಿತ್ತು. "ಅತ್ತಿ, ಮಾತಾಡ್ರಿ" ಎಂದರೆ ಬರೀ ಹೂಂಗುಟ್ಟುತ್ತಿದ್ದರು, ಆಮೇಲೆ ಅದೂ ನಿಂತಿತು. ಸಿಗ್ನಲ್‌ನಲ್ಲಿ ರಿಕ್ಷಾ ನಿಂತಾಗ ಅವರ ಮೂಗಿನ ಕೆಳಗೆ ಬೆರಳಿಟ್ಟು ಉಸಿರು ನೋಡಿದೆ.

ಆಸ್ಪತ್ರೆಯಲ್ಲಿ ಡಾಕ್ಟರು, ಅತ್ತೆ ಏನು ತಿಂದಿದ್ದರು ಎಂದು ಮರಾಠಿಯಲ್ಲಿ ಕೇಳಿದರು. ಸೋರೆಕಾಯಿ, ಮನೆಯಲ್ಲೇ ಬೆಳೆದದ್ದು ಎಂದೆ.

"ಕಡೂ ಹೋತಾ ಕಾ?" ಕಹಿ ಇತ್ತೇ ಎಂದು ಕೇಳಿದರು. ಹೌದೆಂದು ತಲೆಯಾಡಿಸಿದೆ. ಕಹಿ ಸೋರೆಕಾಯಿ ವಿಷ, ಬೇಯಿಸಿದರೂ ಹೋಗುವುದಿಲ್ಲ, ಬಿ.ಪಿ. ತೀರಾ ಇಳಿದಿದೆ, ಈಗಲೇ ಏನೂ ಹೇಳಲಾಗದು ಎಂದು ಒಳಗೆ ಹೋದರು.

ಹೊರಗಿನ ಬೆಂಚಿನ ಮೇಲೆ ಕುಳಿತೆ. ಔಷಧಿ ಹೊಡೆಯದೆ ಬೆಳೆದ, ಮಡಿಯಲ್ಲಿ ಮಾಡಿದ ಅಡುಗೆ ವಿಷವಾಗುತ್ತದೆಂದು ಯಾರಿಗೆ ಗೊತ್ತಿತ್ತು? ಅವರಿಗೇನಾದರೂ ಆದರೆ ನನ್ನವರಿಗೆ ಯಾವ ಮುಖ ತೋರಿಸಲಿ? ಬಾಗಿಲು ತೆರೆದಾಗಲೆಲ್ಲ ಎದ್ದು ನಿಲ್ಲುತ್ತಿದ್ದೆ.

ಮರುದಿನ ಬೆಳಿಗ್ಗೆ ಒಳಗೆ ಬಿಟ್ಟರು. ಕೈಗೆ ಸಲೈನ್ ಚುಚ್ಚಿದ್ದರು. ಅತ್ತೆ ಕಣ್ಣು ತೆರೆದು ನನ್ನನ್ನು ಹುಡುಕಿ, "ನೀ ಎಷ್ಟು ತಿಂದಿದ್ದೆವಾ?" ಎಂದರು.

"ಒಂದ ತುತ್ತು ರೀ."

"ಸದ್ಯ," ಎಂದು ಕಣ್ಣು ಮುಚ್ಚಿದರು. ತಡೆದಿದ್ದ ಅಳುವೆಲ್ಲ ಆಗ ಬಂತು.

ಮಾಳಿಗೆಯ ಮೇಲೆ ಈಗಲೂ ಬೆಳೆಯುತ್ತೇನೆ. ಸೋರೆ, ಸವತೆ ಯಾವುದೇ ಆಗಲಿ, ಹೆಚ್ಚುವ ಮೊದಲು ಒಂದು ಚೂರು ನಾಲಿಗೆಗೆ ತಾಗಿಸಿ ನೋಡಿ, ಕಹಿಯಿದ್ದರೆ ಉಗುಳಿ, ಇಡೀ ಕಾಯನ್ನೇ ಎಸೆಯುತ್ತೇನೆ. ದೇವರ ಎಡೆಗಾದರೂ ಅಷ್ಟೇ. ದೇವರು ಸಿಟ್ಟಾದರೆ ಸಮಾಧಾನ ಮಾಡಬಹುದು. ಇಷ್ಟಾದರೂ ಅತ್ತೆ ಊಟಕ್ಕೆ ಕುಳಿತರೆ, ಅವರು ಕೈ ತೊಳೆದು ಏಳುವವರೆಗೂ ನಾನು ಅವರ ಮುಖವನ್ನೇ ನೋಡುತ್ತಿರುತ್ತೇನೆ.