ಓದಲು ಬಾರದ ಡಿಸ್ಕಿನಲ್ಲಿದ್ದ ದನಿ

ನಮ್ಮ ಬೀದಿಯ ಲಿಫ್ಟಣ್ಣನಂಥವರನ್ನು ನೀವು ನೋಡಿರುತ್ತೀರಿ, ಗಮನಿಸಿರುವುದಿಲ್ಲ. ಲಿಫ್ಟು ಮಧ್ಯದಲ್ಲಿ ನಿಂತಾಗ ಬೈಯಲು ನೆನಪಾಗುವ ಮನುಷ್ಯ. ರಿಪೇರಿಯಾದ ಮರುಕ್ಷಣ ಯಾರಿಗೂ ಬೇಡವಾಗುವ ಮನುಷ್ಯ. ಇಪ್ಪತ್ತಾರು ವರ್ಷಗಳಿಂದ ಎತ್ತರದ ಕಟ್ಟಡಗಳ ಹೊಟ್ಟೆಯೊಳಗೆ ಇಳಿದು ಉಕ್ಕಿನ ಹಗ್ಗಗಳನ್ನು ನೋಡಿಕೊಳ್ಳುತ್ತಿದ್ದಾನೆ. ಇಳಿಯುವ ಮೊದಲು ಮೇನ್ ಸ್ವಿಚ್ ಆರಿಸಿ ಅದಕ್ಕೊಂದು ಕೆಂಪು ಕಾರ್ಡು ತೂಗುಹಾಕುತ್ತಾನೆ: 'ಒಳಗೆ ಮನುಷ್ಯ ಇದ್ದಾನೆ, ಮುಟ್ಟಬೇಡಿ.' ಒಮ್ಮೆ ಒಂದು ಕಟ್ಟಡದ ಕಾರ್ಯದರ್ಶಿ ಅವಸರಕ್ಕೆ ಆ ಕಾರ್ಡು ಕಿತ್ತುಹಾಕಿದ್ದರು. ಲಿಫ್ಟಣ್ಣ ಮೇಲೆ ಬಂದು ಮೆಟ್ಟಿಲ ಮೇಲೆ ಕೂತುಬಿಟ್ಟ. "ನೀವೇ ವಾಪಸ್ ಹಾಕಿ ಸಾರ್. ಅಲ್ಲೀವರೆಗೂ ನಿಮ್ಮ ಆರನೇ ಮಹಡಿಗೆ ಕಾಲೇ ಗತಿ" ಎಂದ. ಕಾರ್ಯದರ್ಶಿಗಳು ಎರಡು ಸಲ ಮೆಟ್ಟಿಲು ಹತ್ತಿದ ಮೇಲೆ ಕಾರ್ಡು ಮೊಳೆಗೆ ಮರಳಿತು.

ಮದುವೆಯಾಗಲಿಲ್ಲ. ಅಕ್ಕ, ಭಾವ, ಅವನು, ಮೂವರ ಮನೆ. ಅಕ್ಕ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿ ನಿವೃತ್ತಳಾದವಳು. ಭಾವ ಬಸ್ ನಿಲ್ದಾಣದಲ್ಲಿ ಮೂವತ್ತೊಂದು ವರ್ಷ ಮೈಕಿನ ಮುಂದೆ ಕೂತು ಬಸ್ಸುಗಳು ಬರುವ ಹೋಗುವ ಹೊತ್ತು ಕೂಗಿದವರು. ಎರಡು ವರ್ಷದ ಹಿಂದೆ ಲಕ್ವ ಹೊಡೆದು ಅವರ ಮಾತು ಹೋಯಿತು, ಬಲಗೈ ಸೋತಿತು. ಬುದ್ಧಿಗೆ ಏನೂ ಆಗಿಲ್ಲ. ಇದನ್ನು ಪ್ರತಿ ಸಲ ಆಸ್ಪತ್ರೆಯ ಗುಮಾಸ್ತನಿಗೆ ಹೊಸದಾಗಿ ಹೇಳಬೇಕು, ಅವನು ಭಾವನ ಮುಖ ನೋಡದೆ ಅಕ್ಕನನ್ನು ಕೇಳುತ್ತಾನೆ, "ಇವರಿಗೆ ಅರ್ಥ ಆಗುತ್ತಾ?"

ಮಾತು ಕಲಿಸುವ ಡಾಕ್ಟರಮ್ಮ ಒಂದು ದಾರಿ ಹೇಳಿದರು. ತಮ್ಮದೇ ಹಳೆಯ ದನಿ ಕೇಳಿ, ಅದೇ ವಾಕ್ಯವನ್ನು ಮತ್ತೆ ಹೇಳಲು ಪ್ರಯತ್ನಿಸಬೇಕು. ಅದಕ್ಕೊಂದು ಪ್ರೋಗ್ರಾಮ್ ಕೊಟ್ಟರು. ಪರದೆಯ ಮೇಲೆ ಹಳೆಯ ದನಿಯ ಗೆರೆ, ಅದರ ಕೆಳಗೆ ಹೊಸ ದನಿಯ ಗೆರೆ. ಭಾವನ ದನಿಗೆ ಬರವಿರಲಿಲ್ಲ. ಕೂಗಿದ್ದು, ಈಗ ಮದುವೆಯಾಗಿ ಹೋಗಿರುವ ಮಗಳಿಗೆ ಚಿಕ್ಕಂದಿನಲ್ಲಿ ಕಥೆ ಹೇಳಿದ್ದು, ಸೊಳ್ಳೆಪರದೆ ಕಟ್ಟುವಾಗ ಅಕ್ಕನ ಜೊತೆ ಜಗಳಾಡಿದ್ದು, ಎಲ್ಲವೂ ಕ್ಯಾಸೆಟ್ಟುಗಳಲ್ಲಿತ್ತು. ಲಿಫ್ಟಣ್ಣ ಒಂದೊಂದನ್ನೂ ಕಂಪ್ಯೂಟರಿಗೆ ಇಳಿಸಿ ಒಂದು ಹಾರ್ಡ್ ಡಿಸ್ಕಿನಲ್ಲಿ ಇಟ್ಟು, ಬೂಸ್ಟು ಹಿಡಿದ ಕ್ಯಾಸೆಟ್ಟುಗಳನ್ನು ಬಿಸಾಡಿದ್ದ. ಆರುನೂರ ಹನ್ನೆರಡು ತುಣುಕು. ಅಕ್ಕ ಪ್ರತಿಯೊಂದರ ಹೆಸರನ್ನೂ, ಅದು ಎಷ್ಟು ಸೆಕೆಂಡಿನದು ಎಂಬುದನ್ನೂ ನೋಟ್‌ಬುಕ್ಕಿನಲ್ಲಿ ಬರೆದಿದ್ದಳು.

ಮನೆಯಲ್ಲಿ ಎರಡು ಕಂಪ್ಯೂಟರ್. ಮುಂದಿನ ಕೋಣೆಯದು ಯಾವುದೋ ಆಫೀಸಿನವರು ಬಿಸಾಡಿದ್ದು. ಲಿಫ್ಟಣ್ಣ ಅದನ್ನು ಹೊತ್ತು ತಂದು, ವಿಂಡೋಸ್ ಬದಲು ಲಿನಕ್ಸ್ ಹಾಕಿ, ಟೀವಿಗೆ ಜೋಡಿಸಿದ್ದ. ಸಿನಿಮಾ, ಹಾಡು, ಫೋಟೋ ಎಲ್ಲ ಅದರಲ್ಲೇ. ದನಿಯ ಡಿಸ್ಕು ಇದ್ದದ್ದೂ ಅದರೊಳಗೇ, ಲಿನಕ್ಸಿನ ರೀತಿಯಲ್ಲಿ ಬರೆಯಲ್ಪಟ್ಟು. ಹಿಂದಿನ ಕೋಣೆಯದು ಭಾವನಿಗಾಗಿ ಕೊಂಡದ್ದು, ವಿಂಡೋಸ್. ಡಾಕ್ಟರಮ್ಮನ ಪ್ರೋಗ್ರಾಮ್ ಅದರಲ್ಲಿ ಮಾತ್ರ ಓಡುತ್ತಿತ್ತು. ಲಿನಕ್ಸಿನ ರೀತಿ ಬರೆದ ಡಿಸ್ಕನ್ನು ವಿಂಡೋಸ್ ತಾನಾಗಿ ಓದುವುದಿಲ್ಲ. ಹಾಗಾಗಿ ಲಿಫ್ಟಣ್ಣ ವಾರಕ್ಕೊಮ್ಮೆ, ಹಿಂದಿನ ವಾರದ್ದನ್ನು ಅಳಿಸಿ, ಹತ್ತಿಪ್ಪತ್ತು ತುಣುಕನ್ನು ಪೆನ್ ಡ್ರೈವಿಗೆ ತುಂಬಿ ಹದಿನಾಲ್ಕು ಹೆಜ್ಜೆ ನಡೆದು ಹಿಂದಿನ ಕೋಣೆಗೆ ಕೊಡುತ್ತಿದ್ದ.

ಸುಲಭದ ದಾರಿ ಇತ್ತು. ಡಿಸ್ಕನ್ನು ಅಲ್ಲಾಡಿಸದೆ ಲಿನಕ್ಸಿನಲ್ಲೇ ಬಿಟ್ಟು, ಎರಡೂ ಯಂತ್ರಗಳ ನಡುವೆ ಒಂದು ತಂತಿ ಎಳೆದು, ಫೋಲ್ಡರನ್ನು ಹಂಚಿಕೊಟ್ಟರೆ ಮುಗಿಯಿತು. ಓದಬಲ್ಲವನು ಓದಿ ಕೊಡುತ್ತಾನೆ, ಓದಲಾರದವನು ಕೇಳಿ ಪಡೆಯುತ್ತಾನೆ. ಲಿಫ್ಟಣ್ಣನಿಗೆ ಇದು ಚೆನ್ನಾಗಿ ಗೊತ್ತಿತ್ತು. "ಈ ಭಾನುವಾರ ಮಾಡ್ತೀನಿ ಅಕ್ಕ" ಎನ್ನುತ್ತಿದ್ದ. ಎಂಟು ತಿಂಗಳ ಭಾನುವಾರಗಳು ಹಾಗೇ ಹೋದವು.

ಒಂದು ಬೆಳಿಗ್ಗೆ ಮುಂದಿನ ಕೋಣೆಯ ಯಂತ್ರ ಸುಟ್ಟ ವಾಸನೆ ಬಿಟ್ಟು ಸತ್ತಿತು. ಡಿಸ್ಕಿಗೆ ಏನೂ ಆಗಿರಲಿಲ್ಲ. ಲಿಫ್ಟಣ್ಣ ಅದನ್ನು ಬಿಚ್ಚಿ, ಹೊಸ ಪ್ಲಾಸ್ಟಿಕ್ ಪೆಟ್ಟಿಗೆಯೊಳಗೆ ಕೂರಿಸಿ, ಹಿಂದಿನ ಕೋಣೆಯ ವಿಂಡೋಸಿಗೆ ಚುಚ್ಚಿದ. ಆ ಬರಹವನ್ನು ಓದಿಸುವ ಒಂದು ಸಣ್ಣ ಪ್ರೋಗ್ರಾಮ್ ಹಾಕೋಣ ಎಂದು ಕೂತ. ಅಷ್ಟರಲ್ಲಿ ಫೋನು: ನಾಲ್ಕನೇ ಮಹಡಿಯಲ್ಲಿ ಲಿಫ್ಟು ನಿಂತಿದೆ, ಒಳಗೆ ಬಸುರಿ ಹೆಂಗಸು. ಎದ್ದು ಓಡಿದ. ಯಾರಿಗೂ ಒಂದು ಮಾತು ಹೇಳಲಿಲ್ಲ.

ಹತ್ತು ಗಂಟೆಗೆ ಅಕ್ಕ ಭಾವನನ್ನು ಅಭ್ಯಾಸಕ್ಕೆ ಕರೆತಂದಳು. ಪರದೆಯ ಮೇಲೆ ಸಂದೇಶ ಕಾದಿತ್ತು: ಈ ಡಿಸ್ಕನ್ನು ಬಳಸಬೇಕಾದರೆ ಮೊದಲು ಫಾರ್ಮ್ಯಾಟ್ ಮಾಡಬೇಕು, ಮಾಡಲೇ? ದೀಪ ಹೊತ್ತಿದರೆ ಉತ್ತರ ಕೊಡಲೇಬೇಕು ಎಂಬುದು ಅಕ್ಕ ಎಕ್ಸ್‌ಚೇಂಜಿನ ಬೋರ್ಡಿನ ಮುಂದೆ ಆಯುಷ್ಯವಿಡೀ ಪಾಲಿಸಿದ ಧರ್ಮ. ಉತ್ತರ ಕೊಟ್ಟಳು. ಇದ್ದದ್ದೆಲ್ಲ ಅಳಿಸಿಹೋಗುತ್ತದೆ ಎಂದು ಅದು ಇನ್ನೊಮ್ಮೆ ಎಚ್ಚರಿಸಿತು. ಹೊಸ ಪೆಟ್ಟಿಗೆ, ಹೊಸ ಡಿಸ್ಕು, ಅಳಿಸಲು ಏನಿದೆ ಎಂದುಕೊಂಡು ಅದಕ್ಕೂ ಹೂಂ ಎಂದಳು.

ಮಧ್ಯಾಹ್ನ ಲಿಫ್ಟಣ್ಣ ಬಂದಾಗ ಡಿಸ್ಕು ನುಣ್ಣಗೆ ಖಾಲಿ.

"ಏನ್ ಮಾಡ್ದೆ ಅಕ್ಕ? ಏನ್ ಮಾಡ್ಬಿಟ್ಟೆ? ಅಳಿಸಿಹೋಗುತ್ತೆ ಅಂತ ಬರೆದಿರೋದು ಓದೋಕೆ ಬರಲ್ವಾ ನಿಂಗೆ?"

"ಕೂಗಾಡ್ಬೇಡ್ವೋ. ಖಾಲಿ ಡಿಸ್ಕು ತಂದಿದೀಯ ಅಂದ್ಕೊಂಡೆ ಕಣೋ. ಅದೂ ಹಂಗೇ ಹೇಳ್ತು."

"ಅದು ಹೇಳಿದ್ರೆ ನೀನು ಕೇಳೋದಾ?"

"ನೀನು ಏನಾದ್ರೂ ಹೇಳಿ ಹೋಗಿದ್ರೆ ನಿನ್ ಮಾತೇ ಕೇಳ್ತಿದ್ದೆ!"

ಭಾವ ಕುರ್ಚಿಯಿಂದ ಎದ್ದರು. ಗೋಡೆ ಹಿಡಿದುಕೊಂಡು ಲಿಫ್ಟಣ್ಣನ ಕೆಲಸದ ಚೀಲದವರೆಗೆ ನಡೆದು, ಎಡಗೈಯಲ್ಲಿ ತಡಕಿ, ಆ ಕೆಂಪು ಕಾರ್ಡು ಹೊರತೆಗೆದು ಕಂಪ್ಯೂಟರಿನ ಮೇಲೆ ಇಟ್ಟರು. ಅಷ್ಟೇ.

ಲಿಫ್ಟಣ್ಣ ನೆಲದ ಮೇಲೆ ಕೂತ. "ತಪ್ಪು ನಂದು ಅಕ್ಕ" ಎಂದ. "ನಾನು ಒಳಗಿದ್ರೆ ಕಾರ್ಡು ಹಾಕ್ತೀನಿ. ಭಾವ ಒಳಗಿದ್ರು, ಹಾಕ್ಲಿಲ್ಲ."

ಇದನ್ನು ಕೇಳಿದ ಬೀದಿಯ ಜಾಣರೆಲ್ಲ ಅಕ್ಕನನ್ನೇ ಆಡಿಕೊಂಡರು. ವಯಸ್ಸಾದವರು ಕಂಪ್ಯೂಟರ್ ಮುಟ್ಟಬಾರದು ಅಂದರು. ನನ್ನ ಸಿಟ್ಟು ಬೇರೆ ಕಡೆಗೆ. 'ಇದನ್ನು ಓದಲು ನನಗೆ ಬರುವುದಿಲ್ಲ' ಎಂಬ ಒಂದು ಪ್ರಾಮಾಣಿಕ ವಾಕ್ಯವನ್ನು ಪರದೆಯ ಮೇಲೆ ಬರೆಯಲು ಎಷ್ಟು ಜಾಗ ಬೇಕು? ಅದನ್ನು ನುಂಗಿಕೊಂಡು, ದೋಷ ಡಿಸ್ಕಿನದೇ ಎಂಬಂತೆ, ತೊಳೆದು ಕೊಟ್ಟರೆ ಬಳಸುತ್ತೇನೆ ಎನ್ನುವ ಠೇಂಕಾರವನ್ನು ಯಂತ್ರಕ್ಕೆ ಕಲಿಸಿದವರು ಮನುಷ್ಯರೇ. ಆಸ್ಪತ್ರೆಯ ಗುಮಾಸ್ತನೂ ಭಾವನನ್ನು ಹೀಗೇ ಓದಿದ್ದು. ತನಗೆ ತಿಳಿಯದ ರೀತಿಯಲ್ಲಿ ತುಂಬಿರುವುದನ್ನು ಖಾಲಿ ಎಂದು ಬರೆದುಕೊಳ್ಳುವ ಚಾಳಿ ನಮ್ಮೆಲ್ಲರಿಗೂ ಇದೆ. ನಮ್ಮ ಕೈಗೆ ಹೂಂ ಎನ್ನುವ ಗುಂಡಿ ಸಿಕ್ಕಿಲ್ಲ, ಅಷ್ಟೇ.

ಲಿಫ್ಟಣ್ಣ ಆ ಡಿಸ್ಕಿಗೆ ಒಂದಕ್ಷರವನ್ನೂ ಬರೆಯಗೊಡಲಿಲ್ಲ. ಮುಂದಿನ ಕೋಣೆಯ ಯಂತ್ರಕ್ಕೆ ಬೇರೆ ಪವರ್ ಸಪ್ಲೈ ಹಾಕಿ ಎಬ್ಬಿಸಿ, ಡಿಸ್ಕಿನ ಇಡೀ ನಕಲನ್ನು ಇನ್ನೊಂದು ಡಿಸ್ಕಿಗೆ ತೆಗೆದ. ಫಾರ್ಮ್ಯಾಟು ಮೇಲುಮೇಲಿನದು, ಮನೆಯ ಬಾಗಿಲ ಮೇಲಿನ ಹೆಸರುಗಳನ್ನು ಕಿತ್ತಿತ್ತು, ಒಳಗಿನವರು ಬಹುಪಾಲು ಇನ್ನೂ ಅಲ್ಲೇ ಇದ್ದರು. ನಕಲಿನ ಮೂಲೆಮೂಲೆ ಹುಡುಕುವ ಪ್ರೋಗ್ರಾಮ್ ಓಡಿಸಿದ. ಮೂರು ದಿನ ರಜೆ ಹಾಕಿದ, ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ. ಐನೂರ ಎಪ್ಪತ್ತಮೂರು ತುಣುಕು ಸಿಕ್ಕವು. ಒಂದಕ್ಕೂ ಹೆಸರಿಲ್ಲ, ಬರೀ ಸಂಖ್ಯೆ.

ಆಮೇಲೆ ತಂತಿಯನ್ನೂ ಎಳೆದ. ಗೋಡೆಗೆ ತೂತು ಕೊರೆದು, ಫೋಲ್ಡರು ಹಂಚಿ, ಹಿಂದಿನ ಕೋಣೆಯ ವಿಂಡೋಸಿನಲ್ಲಿ ಅದು ತೆರೆಯುವುದನ್ನು ನೋಡಿದ. ಕೆಲಸ ಹಿಡಿದದ್ದು ಮುಕ್ಕಾಲು ಗಂಟೆ. ಎಂಟು ತಿಂಗಳು ಮುಂದೂಡಿದ್ದು ಈ ಮುಕ್ಕಾಲು ಗಂಟೆಯನ್ನು. ಆ ಲೆಕ್ಕ ಅವನ ಮುಖದಲ್ಲಿ ಕಾಣುತ್ತಿತ್ತು.

ಹೆಸರಿಡುವ ಕೆಲಸ ಭಾವನದಾಯಿತು. ಬೇರೆ ಯಾರಿಗೆ ಸಾಧ್ಯ? ಒಂದೊಂದನ್ನೂ ಕೇಳಿ, ಅಕ್ಕನ ನೋಟ್‌ಬುಕ್ಕಿನಲ್ಲಿ ಸಾಲು ತೋರಿಸುತ್ತಿದ್ದರು. ದಿನವಿಡೀ ಕಿಟಕಿಯಿಂದ ಬಸ್ಸುಗಳ ಹೊತ್ತು ಕೇಳಿಬರುತ್ತಿತ್ತು. ಪಕ್ಕದ ಮನೆಯ ಹಾಲಿನಮ್ಮ ಇಣುಕಿ, "ಏನ್ರೀ, ಬಸ್ಸು ಬರ್ತಾ ಇದೆಯಾ ಹೋಗ್ತಾ ಇದೆಯಾ? ನಾನೂ ಚೀಲ ಹಿಡ್ಕೊಂಡು ಬರ್ಲಾ?" ಎಂದಾಗ ಭಾವ ಗಂಭೀರವಾಗಿ ಎಡಗೈ ಎತ್ತಿ ಕ್ಯೂ ತೋರಿಸಿದರು. ಜಗಳದ ತುಣುಕು ಬಂದಾಗ ಅಕ್ಕ, "ಇದು ಸಿಗದಿದ್ರೂ ನಡೀತಿತ್ತು" ಎಂದು ಗೊಣಗಿದಳು. ಭಾವ ಅದನ್ನು ಎರಡು ಸಲ ಕೇಳಿಸಿದರು.

ಕೆಲಸ ಹನ್ನೊಂದನೆಯ ದಿನಕ್ಕೆ ಮುಗಿಯಿತು. ಮೂವತ್ತೊಂಬತ್ತು ಸಾಲು ಹಾಗೇ ಉಳಿದವು. ಅವುಗಳಲ್ಲಿ ಒಂದು, ಭಾವ ನಿವೃತ್ತಿಯ ದಿನ ಕಡೆಯ ಬಸ್ಸು ಕೂಗಿದ ಮೇಲೆ ಮೈಕಿನಲ್ಲಿ ಸ್ವಂತದ್ದಾಗಿ ಸೇರಿಸಿದ ಮಾತು. ಅಕ್ಕ ಆ ಸಾಲಿನ ಮೇಲೆ ಬೆರಳಿಟ್ಟು ಅತ್ತಳು. "ಇದೊಂದು ಉಳೀಬೇಕಿತ್ತು. ನನ್ ಕೈಯಿಂದಾನೇ ಹೋಯ್ತಲ್ಲ."

ಭಾವ ಅಭ್ಯಾಸದ ಮೈಕು ಹತ್ತಿರ ಎಳೆದುಕೊಂಡರು. ಕೇಳಿ ಹೇಳಲು ಹಳೆಯ ದನಿ ಇರಲಿಲ್ಲ. ಲಿಫ್ಟಣ್ಣ ರೆಕಾರ್ಡಿಂಗ್ ಒತ್ತಿದ.

"ಇಷ್... ಟು... ವರ್ಷ..." ಉಸಿರು ಕಟ್ಟಿತು. ಬೆವರು ಒರೆಸಿಕೊಂಡರು. "ನನ್... ಮಾ... ತು... ಕೇ... ಳಿದ್ರಿ... ಇ... ಳೀರಿ... ಜೋ... ಪಾ... ನ."

"ಅಭ್ಯಾಸ ಅಂತ ಹೆಸರಿಡ್ಲಾ ಭಾವ?" ಲಿಫ್ಟಣ್ಣ ಕೇಳಿದ.

ಭಾವ ತಲೆ ಅಲ್ಲಾಡಿಸಿ, ನೋಟ್‌ಬುಕ್ಕು ತಿರುಗಿಸಿ, ಅಕ್ಕ ಅತ್ತ ಸಾಲನ್ನೇ ತೋರಿಸಿದರು. ಅವನು ಅದೇ ಹೆಸರು ಹಾಕಿ, ಅದೇ ಫೋಲ್ಡರಿನಲ್ಲಿ ಇಟ್ಟ. ಅಕ್ಕ ಮೂಗು ಒರೆಸಿಕೊಂಡು ಆ ಸಾಲಿನ ಮುಂದೆ ಇದ್ದ ಹನ್ನೊಂದು ಸೆಕೆಂಡು ಎಂಬುದನ್ನು ಹೊಡೆದುಹಾಕಿ, ಒಂದು ನಿಮಿಷ ಐವತ್ತು ಸೆಕೆಂಡು ಎಂದು ಬರೆದಳು.