ಅಳಿಯನ ಮನೆಯ ಕಂತಿನ ಕಾರು

೧೯೮೨ರಲ್ಲಿ ನಾನು ರಾಯಚೂರಿನ ಒಂದು ಖಾಸಗಿ ಫೈನಾನ್ಸ್ ಕಂಪನಿಯಲ್ಲಿ ಶಾಖಾ ವ್ಯವಸ್ಥಾಪಕನಾಗಿದ್ದೆ. ಲಾರಿ, ಟ್ರ್ಯಾಕ್ಟರು, ಅಪರೂಪಕ್ಕೊಂದು ಜೀಪು, ಇವುಗಳಿಗೆ ಹೈರ್ ಪರ್ಚೇಸ್ ಮೇಲೆ ಹಣ ಕೊಡುವುದು ನಮ್ಮ ವ್ಯವಹಾರ. ಹೈರ್ ಪರ್ಚೇಸ್ ಎಂದರೆ ಕಂಪನಿಯೇ ಗಾಡಿ ಕೊಂಡು ಗಿರಾಕಿಗೆ ಬಾಡಿಗೆಗೆ ಕೊಟ್ಟ ಹಾಗೆ. ಗಿರಾಕಿಯನ್ನು ಕರಾರಿನಲ್ಲಿ ಹೈರರ್ ಎನ್ನುತ್ತಾರೆ. ಕೊನೆಯ ಕಂತು ಕಟ್ಟುವವರೆಗೆ ಮಾಲೀಕತ್ವ ಕಂಪನಿಯದು, ಆರ್.ಸಿ. ಪುಸ್ತಕದಲ್ಲಿ ಅದರ ಷರಾ ಇರುತ್ತದೆ, ಎರಡನೆಯ ಚಾವಿ ನಮ್ಮ ಕಪಾಟಿನಲ್ಲಿರುತ್ತದೆ. ಕಂತು ತಪ್ಪಿದರೆ ಗಾಡಿ ಎಳೆದು ತರುವುದೂ ನಮ್ಮ ಕೆಲಸವೇ. ಹಾಗಾಗಿ ಜಿಲ್ಲೆಯಲ್ಲಿ ನಮ್ಮನ್ನು ಕಂಡರೆ ಮುಖ ಅರಳಿಸುವವರು ಯಾರೂ ಇರಲಿಲ್ಲ. ನನಗೂ ಜನರನ್ನು ಕಂಡರೆ ಅಷ್ಟಕ್ಕಷ್ಟೇ.

ಆ ವರ್ಷ ಭತ್ತದ ಸುಗ್ಗಿಗೆ ಮುಂಚೆ ಮಾನ್ವಿಯ ವೀರಭದ್ರಪ್ಪ ನಮ್ಮ ಆಫೀಸಿಗೆ ಬಂದರು. ಅವರಿಗೆ ಎರಡು ರೈಸ್ ಮಿಲ್ಲುಗಳಿದ್ದವು. ಹಿಂದೆ ಅವರ ಲಾರಿಗಳಿಗೆ ನಾವೇ ಹಣ ಕೊಟ್ಟಿದ್ದೆವು, ಒಂದು ಕಂತೂ ತಡವಾಗಿರಲಿಲ್ಲ. ಜೊತೆಗೆ ಮಗಳು ಶಶಿಕಲಾ ಇದ್ದಳು. ಇಪ್ಪತ್ತರ ಆಸುಪಾಸಿನ ಹುಡುಗಿ, ರಾಯಚೂರಿನಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದು ಪಿಯುಸಿ ಮುಗಿಸಿದ್ದಳು. ಇನ್ನೊಬ್ಬರು ಆಗಲಿರುವ ಬೀಗರು, ದೇವದುರ್ಗದ ಶಂಕರಗೌಡರು. ಕುರ್ಚಿ ತೋರಿಸುವ ಮುಂಚೆಯೇ ಕೂತು, ನಮ್ಮ ಜವಾನನಿಗೆ ಚಹಾ ತರಲು ಹುಕುಂ ಮಾಡಿದರು. ಆ ಮನುಷ್ಯ ನನಗೆ ಮೊದಲ ನೋಟಕ್ಕೇ ಹಿಡಿಸಲಿಲ್ಲ, ಕೊನೆಯವರೆಗೂ ಹಿಡಿಸಲಿಲ್ಲ.

ವಿಷಯ ಮದುವೆಯ ಕಾರು. ಗೌಡರು ಅದನ್ನು ಉಡುಗೊರೆ ಎಂದರು. ಕೇಳಿ ಪಡೆಯುವುದಕ್ಕೆ ಕಾನೂನಿನಲ್ಲಿ ಬೇರೆ ಹೆಸರಿದೆ, ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಅಂಬಾಸಡರ್ ಅವರಿಗೆ ಸಾಲದಾಗಿತ್ತು. ಹೈದರಾಬಾದಿನ ಒಬ್ಬ ಗುತ್ತಿಗೆದಾರ ಮಾರಲಿಟ್ಟಿದ್ದ ಜರ್ಮನಿಯ ಕಾರೇ ಬೇಕು. ಬೆಲೆ ಎರಡು ಲಕ್ಷ ನಲವತ್ತು ಸಾವಿರ. ಆಗ ನನ್ನ ಸಂಬಳ ತಿಂಗಳಿಗೆ ಸಾವಿರದ ನಾನೂರು. ದೇವದುರ್ಗದ ರಸ್ತೆಯಲ್ಲಿ ಎತ್ತಿನ ಬಂಡಿಯ ಅಚ್ಚೂ ಮುರಿಯುತ್ತಿದ್ದ ಕಾಲ ಅದು.

"ನಗದ ಕೊಟ್ಟು ನನ್ನ ಮಗನ ಹೆಸರಿಲೇ ಮಾಡ್ರಿ. ಸಾಲದ ಗಾಡ್ಯಾಗ ಕುಂದ್ರೋ ಮಂದಿ ಅಲ್ಲ ನಾವು" ಎಂದರು ಗೌಡರು.

ವೀರಭದ್ರಪ್ಪನವರು ಅರ್ಧ ನಗದು, ಅರ್ಧ ಕಂತು ಎಂದರು. ಸುಗ್ಗಿ ಹತ್ತಿರ ಬಂದಿದೆ, ಭತ್ತ ಹಿಡಿಯಲು ಕೈಯಲ್ಲಿ ರೊಕ್ಕ ಬೇಕು ಎಂಬುದು ಅವರ ವಾದ. ಇಬ್ಬರೂ ನನ್ನ ಅಭಿಪ್ರಾಯ ಕೇಳಿದರು. ನಾನು ನೇರವಾಗಿಯೇ ಹೇಳಿದೆ. ಲಾರಿ ದುಡಿದು ತನ್ನ ಕಂತು ತಾನೇ ಕಟ್ಟುತ್ತದೆ. ಈ ಕಾರು ಅಂಗಳದಲ್ಲಿ ನಿಂತು ದಿನದಿನಕ್ಕೂ ಬೆಲೆ ಕಳೆದುಕೊಳ್ಳುತ್ತದೆ. ಇಂಥದ್ದಕ್ಕೆ ಬಡ್ಡಿ ಕಟ್ಟುವುದು ದಂಡ, ನಗದಿದ್ದವನು ನಗದೇ ಕೊಡಲಿ. ಆದರೆ ಸುಗ್ಗಿಯಲ್ಲಿ ಅದೇ ಹಣ ನಮ್ಮ ಹನ್ನೆರಡು ಪರ್ಸೆಂಟಿಗಿಂತ ಹೆಚ್ಚು ದುಡಿಯುವುದಾದರೆ ಕಂತೇ ಲೇಸು. ಕೊಳ್ಳದೆ ಇರುವುದು ಎರಡಕ್ಕಿಂತಲೂ ಲೇಸು ಎಂದೂ ಸೇರಿಸಿದೆ. ಗೌಡರು ನನ್ನನ್ನು ಕೆಕ್ಕರಿಸಿ ನೋಡಿದರು.

ವೀರಭದ್ರಪ್ಪನವರು ನನ್ನನ್ನು ವರಾಂಡಕ್ಕೆ ಕರೆದು ನಿಜ ಹೇಳಿದರು.

"ರೊಕ್ಕ ಅದರೀ, ಇಲ್ಲಂತಲ್ಲ. ಪೂರಾ ಕೊಟ್ಟೆ ಅಂದ್ರ ನಾಳಿಂದ ನನ್ನ ಮಾತು ಯಾರು ಕೇಳ್ತಾರ? ಕಂತು ನನ್ನ ಕೈಯಾಗ ಇತ್ತಂದ್ರ ಮೂರು ವರ್ಷ ಗೌಡನ ಮೂಗುದಾರ ನನ್ನ ಕೈಯಾಗ ಇರ್ತದ. ಗಾಡಿ ಮಗಳ ಹೆಸರಿಲೇ ಮಾಡ್ರಿ, ಜಾಮೀನು ನಾ ನಿಂದ್ರತೀನಿ."

ಮಗಳ ಹೆಸರಿನಲ್ಲಿದ್ದರೆ ಅಳಿಯ ಮಾರುವಂತಿಲ್ಲ, ಅಡವಿಡುವಂತಿಲ್ಲ. ಅವರ ಲೆಕ್ಕಾಚಾರಕ್ಕೆ ನಾನು ಮನಸ್ಸಿನಲ್ಲೇ ತಲೆದೂಗಿದೆ. ಲಗ್ನಪತ್ರಿಕೆ ಆಗಲೇ ಹಂಚಿಯಾಗಿತ್ತು. ಆರ್.ಸಿ. ಪುಸ್ತಕವನ್ನು ಊರೇನೂ ಓದುವುದಿಲ್ಲವಲ್ಲ ಎಂದು ಗೌಡರೂ ಗೊಣಗುತ್ತ ಒಪ್ಪಿದರು. ಒಂದು ಲಕ್ಷ ಇಪ್ಪತ್ತು ಸಾವಿರ ನಗದು, ಉಳಿದದ್ದು ಬಡ್ಡಿ ಸೇರಿ ಮೂವತ್ತಾರು ಕಂತು, ತಿಂಗಳಿಗೆ ಸುಮಾರು ನಾಲ್ಕೂವರೆ ಸಾವಿರ.

ಕರಾರು ಮುಂದಿಟ್ಟಾಗ ಶಶಿಕಲಾ, "ಓದಿ ಸಹಿ ಮಾಡ್ಲೇನ್ರಿ?" ಎಂದಳು. ಅವಳು ಅಂದು ಆಡಿದ ಮಾತು ಅದೊಂದೇ.

"ಹೊತ್ತಾಗಾಕತ್ತದ, ಸಹಿ ಮಾಡು" ಎಂದರು ತಂದೆ. ಅವಳು ಓದದೆ ಸಹಿ ಮಾಡಿದಳು.

ಮದುವೆಯಾಯಿತು. ಕಾರು ದೇವದುರ್ಗದ ಮನೆಯ ಮುಂದೆ ನಿಂತಿತು. ಒಂದು ವರ್ಷ ಕಂತುಗಳು ಮಾನ್ವಿಯಿಂದ ಸರಿಯಾಗಿ ಬಂದವು. ಆ ಮನೆಯೊಳಗೆ ಏನು ನಡೆಯುತ್ತಿತ್ತು ಎಂಬುದು ನನಗೆ ತಿಳಿದದ್ದು ಆಮೇಲೆ, ಆದರೆ ಕ್ರಮವಾಗಿ ಹೇಳಬೇಕೆಂದರೆ ಇಲ್ಲೇ ಹೇಳಬೇಕು. ಕಾರು ಸಾಲದ್ದು ಎಂಬ ಸುದ್ದಿ ಊರಿಗೆ ಗೊತ್ತಾಗಿತ್ತು. ಅಂದಿನಿಂದ ಅತ್ತೆ ಅವಳನ್ನು 'ಅರ್ಧ ಕಿಮ್ಮತ್ತಿನ ಸೊಸಿ' ಎಂದೇ ಕರೆಯುತ್ತಿದ್ದಳಂತೆ. ಗಂಡ ಮಲ್ಲನಗೌಡ ಡೀಸೆಲ್ಲಿನ ಖರ್ಚು, ಡ್ರೈವರನ ಪಗಾರ ಎಲ್ಲವನ್ನೂ ತವರಿನಿಂದ ತರಿಸು ಎಂದು ಹೊಡೆಯುತ್ತಿದ್ದ. ಊಟ ಕೊಡದೆ ಕೋಣೆಯಲ್ಲಿ ಕೂಡಿಹಾಕಿದ್ದೂ ಉಂಟು. ಅವಳು ಎರಡು ಸಲ ಸಂಬಂಧಿಕರ ಮೂಲಕ ತಂದೆಗೆ ಹೇಳಿ ಕಳಿಸಿದಳು. ಹೊಂದಿಕೊಂಡು ಹೋಗು ಎಂಬ ಉತ್ತರ ಬಂತು.

ಆ ಹೊತ್ತಿಗೆ ರಸ್ತೆ ತನ್ನ ಕೆಲಸ ಮಾಡಿತ್ತು. ಕಾರಿನ ಹಿಂದಿನ ಸ್ಪ್ರಿಂಗು ಮುರಿದು, ಹೈದರಾಬಾದಿನಿಂದ ಭಾಗಗಳನ್ನು ತರಿಸಿ ರಿಪೇರಿ ಮಾಡಿಸಿದರು. ಗೌಡರು ಆ ಬಿಲ್ಲನ್ನು ಮಾನ್ವಿಗೆ ಕಳಿಸಿದರು. ಅಷ್ಟಕ್ಕೇ ವೀರಭದ್ರಪ್ಪನವರ ಪಿತ್ತ ನೆತ್ತಿಗೇರಿತು. ಮಗಳ ಮೈಮೇಲಿನ ಬರೆಗೆ ಬಾರದ ಸಿಟ್ಟು ಸ್ಪ್ರಿಂಗಿನ ಬಿಲ್ಲಿಗೆ ಬಂತು. ಅಂದಿನಿಂದ ಕಂತು ಕಟ್ಟುವುದನ್ನು ನಿಲ್ಲಿಸಿದರು, ಮಗಳಿಗೆ ಒಂದು ಮಾತೂ ತಿಳಿಸಲಿಲ್ಲ. ನಮ್ಮ ನೋಟಿಸುಗಳು ನಿಯಮದಂತೆ ಹೈರರ್ ಹೆಸರಿಗೆ ದೇವದುರ್ಗಕ್ಕೆ ಹೋದವು. ಪ್ರತಿ ನೋಟಿಸು ಹೋದಾಗಲೂ ಅವಳಿಗೆ ಏಟುಗಳು ಬಿದ್ದವು.

ಮೂರು ಕಂತು ಬಾಕಿಯಾದ ಮೇಲೆ ವೀರಭದ್ರಪ್ಪನವರೇ ನನ್ನ ಮುಂದೆ ಬಂದು ಕೂತರು.

"ಎಳಕೊಂಡು ಬರ್ರಿ. ಗೌಡನ ಅಂಗಳ ಖಾಲಿ ಆಗಬೇಕು, ಊರಿಗೂರೇ ನೋಡಬೇಕು."

"ಗಾಡಿ ತಂದ ಮ್ಯಾಲ ನಿಮ್ಮ ಮಗಳು ಅದೇ ಮನ್ಯಾಗ ಇರಬೇಕಲ್ರಿ?" ಎಂದೆ.

"ಅದು ನಮ್ಮ ಮನಿ ಮಾತು. ನಿಮ್ಮ ಕೆಲಸ ನೀವು ಮಾಡ್ರಿ."

ಆ ಉತ್ತರಕ್ಕೆ ನನಗೆ ಮೈಯೆಲ್ಲ ಉರಿಯಿತು. ಆದರೆ ಬಾಕಿ ಬಾಕಿಯೇ. ಮರುದಿನ ಬೆಳಿಗ್ಗೆ ಎರಡನೆಯ ಚಾವಿ ತೆಗೆದುಕೊಂಡು, ನಮ್ಮ ಡ್ರೈವರ್ ಖಾಜಾನ ಜೊತೆ ಜೀಪಿನಲ್ಲಿ ದೇವದುರ್ಗಕ್ಕೆ ಹೊರಟೆ. ಜೀಪು ಓಡಿಸಲು ಇನ್ನೊಬ್ಬನಿದ್ದ. ಠಾಣೆಗೆ ಪತ್ರ ಕೊಟ್ಟು ಒಬ್ಬ ಪೇದೆಯನ್ನು ಕರೆದುಕೊಂಡೆವು.

ಗೌಡರ ಅಂಗಳದಲ್ಲಿ ಆಳುಗಳು ಬಡಿಗೆ ಹಿಡಿದು ನಿಂತಿದ್ದರು. ಗೌಡರು ಕಟ್ಟೆಯಿಂದ ಏಳಲೂ ಇಲ್ಲ.

"ಗಾಡಿ ಮುಟ್ಟಿದ್ರ ಕೈ ಮುರೀತೀನಿ. ಪೊಲೀಸ ಇರಲಿ, ಅವರಪ್ಪ ಇರಲಿ."

ಪೇದೆ ತನಗೆ ಸಂಬಂಧವಿಲ್ಲ ಎಂಬಂತೆ ಬೇವಿನ ಮರದ ಕಡೆ ನೋಡುತ್ತಿದ್ದ. ಬಲವಂತ ಮಾಡಿದರೆ ಕಾನೂನು ನಮ್ಮನ್ನೇ ಹಿಡಿಯುತ್ತದೆ. ಹೈರರ್ ತಾವಾಗಿಯೇ ಒಪ್ಪಿಸಬೇಕು, ಇಲ್ಲವೇ ನಾವು ಕೋರ್ಟಿಗೆ ಹೋಗಬೇಕು. ಹಾಗಾಗಿ ಗೌಡರಿಗೆ ಹೇಳಿದೆ:

"ಸಹಿ ನಿಮ್ಮ ಸೊಸಿದು. ಅವರನ್ನ ಕರೀರಿ. ಕೊಡಂಗಿಲ್ಲ ಅಂತ ಅವರು ಒಂದು ಮಾತು ಅಂದ್ರ ನಾ ಇಲ್ಲಿಂದ ಸುಮ್ನೆ ಹೋಗ್ತೀನಿ."

ಗೌಡರು ನಕ್ಕರು. ಒಳಗೆ ಹೋಗಿ ಏನೋ ಹೇಳಿ ಬಂದರು. ಸ್ವಲ್ಪ ಹೊತ್ತಿಗೆ ಶಶಿಕಲಾ ಹೊಸ್ತಿಲಿಗೆ ಬಂದಳು. ಹಿಂದೆ ಅತ್ತೆ, ಪಕ್ಕದಲ್ಲಿ ಗಂಡ. ಒಂದೂವರೆ ವರ್ಷದ ಕೆಳಗೆ ನಾನು ನೋಡಿದ ಹುಡುಗಿ ಅರ್ಧ ಸೊರಗಿದ್ದಳು. ಬಲಗೈ ಮಣಿಕಟ್ಟು ಬಾತಿತ್ತು, ಬಳೆಗಳಿರಲಿಲ್ಲ.

"ಕೊಡಂಗಿಲ್ಲ ಅನ್ನು" ಎಂದ ಮಲ್ಲನಗೌಡ.

ಅವಳು ಅವನತ್ತ ನೋಡಲಿಲ್ಲ. ನನ್ನನ್ನು ಕೇಳಿದಳು: "ಒಪ್ಪಿಸಿದ್ರ ಗಾಡಿ ಇವತ್ತೇ ಒಯ್ತೀರೇನ್ರಿ?"

"ಹೌದ್ರಿ, ಈಗಿಂದೀಗ."

"ಎಲ್ಲಿಗೆ?"

"ರಾಯಚೂರಿಗೆ."

"ಸಹಿ ಇಲ್ಲೇ ಮಾಡಬೇಕೋ, ನಿಮ್ಮ ಆಫೀಸಿಗೆ ಬಂದು ಮಾಡಬೇಕೋ?"

ಒಪ್ಪಿಗೆಯ ಕಾಗದ ನನ್ನ ಚೀಲದಲ್ಲೇ ಇತ್ತು. ಅಲ್ಲಿಯೇ, ಆ ಕಟ್ಟೆಯ ಮೇಲೆಯೇ ಸಹಿ ಮಾಡಿಸಬಹುದಿತ್ತು, ಯಾವಾಗಲೂ ಹಾಗೆಯೇ ಮಾಡಿಸುತ್ತಿದ್ದೆವು. ಅವಳು ಕಣ್ಣು ಮಿಟುಕಿಸದೆ ನನ್ನನ್ನೇ ನೋಡುತ್ತಿದ್ದಳು.

"ಆಫೀಸಿಗೇ ಬರಬೇಕ್ರಿ. ಹೈರರ್ ಗಾಡಿ ಜೋಡಿನೇ ಬರಬೇಕು, ರೂಲ್ ಅದ" ಎಂದೆ. ಅಂಥ ರೂಲು ಯಾವ ಪುಸ್ತಕದಲ್ಲೂ ಇಲ್ಲ. ಆ ಸುಳ್ಳಿನ ಬಗ್ಗೆ ನನಗೆ ಇಂದಿಗೂ ಸಂತೋಷವಿದೆ.

"ಹಂಗಾದ್ರ ಒಪ್ಪಿಸ್ತೀನಿ" ಎಂದವಳೇ ಮೆಟ್ಟಿಲಿಳಿದು ಬಂದು ಹಿಂದಿನ ಬಾಗಿಲು ತೆಗೆದು ಕಾರಿನಲ್ಲಿ ಕೂತಳು. ಉಟ್ಟ ಸೀರೆಯ ಹೊರತು ಏನನ್ನೂ ತೆಗೆದುಕೊಳ್ಳಲಿಲ್ಲ. ಅಂಗಳದಲ್ಲಿದ್ದವರಿಗೆ ಏನಾಯಿತೆಂದು ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಅಷ್ಟರಲ್ಲಿ ಖಾಜಾ ಎಂಜಿನ್ ಶುರು ಮಾಡಿದ್ದ. ಮಲ್ಲನಗೌಡ ಓಡಿ ಬಂದು ಬಾಗಿಲಿಗೆ ಕೈ ಹಾಕಿದ. ಖಾಜಾ ಕಿಟಕಿಯಿಂದಲೇ ಬೇಡವೆಂದು ಕೈಯಾಡಿಸಿ ಶಾಂತವಾಗಿ ಹೇಳಿದ:

"ನಕ್ಕೋ ಸಾಬ್. ಜಪ್ತಿ ಗಾಡ್ಯಾಗ ಸವಾರಿ ನಕ್ಕೋ."

ಗೌಡರು ಬೈದ ಬೈಗುಳಗಳು ಬರೆಯಲು ಬರುವಂಥವಲ್ಲ. ಒಬ್ಬ ಆಳು ಎಸೆದ ಕಲ್ಲಿಗೆ ಹಿಂದಿನ ಗಾಜು ಬಿರಿಯಿತು. ಆಗ ಮಾತ್ರ ಪೇದೆಗೆ ತಾನು ಪೇದೆ ಎಂಬುದು ನೆನಪಾಗಿ, ಲಾಠಿ ಎತ್ತಿ ಅಡ್ಡ ನಿಂತ. ನಾವು ಹೊರಟೆವು.

ನಾನು ಕಾರಿನಲ್ಲಿ ಖಾಜಾನ ಪಕ್ಕ ಕೂತಿದ್ದೆ, ಜೀಪು ಹಿಂದೆ ಬರುತ್ತಿತ್ತು, ದಾರಿಯಲ್ಲಿ ಮಸರಕಲ್ ಎಂಬ ಊರು ದಾಟಿತು. ಆಮೇಲೆ ನಾನು ಮೇಲೆ ಬರೆದದ್ದನ್ನೆಲ್ಲ ಬೇರೆ ಯಾರದೋ ಸಂಗತಿ ಎಂಬಂತೆ ಒಂದೇ ದನಿಯಲ್ಲಿ ಹೇಳಿದಳು. ಮಾನ್ವಿಗೆ ಸುದ್ದಿ ಕಳಿಸುತ್ತೇನೆ ಎಂದೆ.

"ಬ್ಯಾಡ್ರಿ. ಅಪ್ಪ ಎರಡು ದಿನಕ್ಕ ತಿರುಗಿ ಅಲ್ಲೇ ಬಿಟ್ಟು ಬರ್ತಾನ. ರಾಯಚೂರಾಗ ನಮ್ಮ ಚಿಕ್ಕವ್ವ ಅದಾಳ, ಅಲ್ಲಿ ಇಳಸ್ರಿ."

ಆಫೀಸಿನಲ್ಲಿ ಅವಳು ಈ ಸಲ ಕರಾರನ್ನು ಮೊದಲಿನಿಂದ ಕೊನೆಯವರೆಗೆ ಓದಿದಳು, ನಾವು ಕಾದೆವು. ಗಾಡಿ ಮಾರಿ ನಮ್ಮ ಬಾಕಿ ಕಳೆದು ಉಳಿದದ್ದು ಹೈರರಿಗೆ ಸೇರತಕ್ಕದ್ದು ಎಂಬ ಕಲಮಿನ ಮೇಲೆ ಬೆರಳಿಟ್ಟು, "ಅಂದ್ರ ನನಗ?" ಎಂದು ಕೇಳಿದಳು. ಹೌದು ಎಂದೆ. ಆಮೇಲೆ ಸಹಿ ಮಾಡಿದಳು.

ಕಾರು ಹೈದರಾಬಾದಿನ ವ್ಯಾಪಾರಿಗೆ ಹೋಯಿತು. ಬಾಕಿ ಕಳೆದು ಎಂಬತ್ತೆಂಟು ಸಾವಿರ ಉಳಿಯಿತು. ವಾಸನೆ ಹಿಡಿದು ಇಬ್ಬರೂ ಬೀಗರು ಒಂದೇ ದಿನ ನನ್ನ ಆಫೀಸಿಗೆ ಬಂದರು. ಮಗನಿಗೆ ಕೊಟ್ಟ ಉಡುಗೊರೆ, ಹಣ ಮಗನಿಗೇ ಬರಬೇಕು ಎಂದು ಗೌಡರು ಮೇಜು ಗುದ್ದಿದರು.

"ಹಂಗಂತ ಬರದು ಕೊಡ್ರಿ" ಎಂದೆ. "ಮದುವ್ಯಾಗ ಕೇಳಿ ಇಸಗೊಂಡ್ವಿ ಅಂತ. ನಾ ಅದನ್ನ ಎಲ್ಲಿ ತೋರಸಬೇಕೋ ಅಲ್ಲಿ ತೋರಸ್ತೀನಿ."

ಗೌಡರು ಎದ್ದು ಹೋದರು. ವೀರಭದ್ರಪ್ಪನವರು ಮಾತ್ರ ಜಗ್ಗಲಿಲ್ಲ. ನಗದು ಕೊಟ್ಟವನು, ಕಂತು ಕಟ್ಟಿದವನು ತಾನು, ಚೆಕ್ಕು ತನ್ನ ಹೆಸರಿಗೇ ಆಗಬೇಕು ಎಂದರು. ಎದುರಿಗೆ, ಚೆಕ್ಕು ಪಡೆಯಲು ಚಿಕ್ಕಮ್ಮನ ಜೊತೆ ಬಂದಿದ್ದ ಶಶಿಕಲಾ ಕೂತಿದ್ದಳು.

"ಮಗಳಿಗೆ ಅಂತ ಕೊಟ್ಟಿದ್ದು ನಾನು" ಎಂದರು.

"ನನಗ ಕೊಟ್ಟಿದ್ದಲ್ಲ ಯಪ್ಪಾ. ಗೌಡನ್ನ ಕಟ್ಟಾಕ ನಿನಗೊಂದು ಗೂಟ ಬೇಕಾಗಿತ್ತು, ನನ್ನ ಹೆಸರು ಬರಸಿದಿ. ಹಗ್ಗ ಅವರು ಜಗ್ಗಿದ್ರೂ ನೀನು ಜಗ್ಗಿದ್ರೂ ಅಲ್ಲಾಡಿದ್ದು ನಾನು."

ನಾನು ಚೆಕ್ಕನ್ನು ಅವಳ ಮುಂದೆ ಇಟ್ಟೆ. ಅವಳು ರಸೀದಿಗೆ ಸಹಿ ಮಾಡಿ ಚೆಕ್ಕು ತೆಗೆದುಕೊಂಡು ಚಿಕ್ಕಮ್ಮನ ಜೊತೆ ಹೊರಟುಹೋದಳು. ಆ ಹಣದಲ್ಲಿ ರಾಯಚೂರಿನಲ್ಲಿ ಎರಡು ಕೋಣೆಯ ಮನೆ ಕೊಂಡಳು, ಶಿಕ್ಷಕರ ತರಬೇತಿ ಮುಗಿಸಿದಳು, ಕೋರ್ಟಿನಲ್ಲಿ ವರ್ಷಗಟ್ಟಲೆ ಓಡಾಡಿ ಗಂಡನಿಂದ ಬಿಡುಗಡೆ ಪಡೆದಳು. ಆಮೇಲೆ ಮಟಮಾರಿಯ ಶಾಲೆಯಲ್ಲಿ ಕಲಿಸುತ್ತಿದ್ದಾಳೆಂದು ಕೇಳಿದೆ. ವೀರಭದ್ರಪ್ಪನವರು ನಮ್ಮ ಕಂಪನಿಯ ಮೆಟ್ಟಿಲು ಮತ್ತೆ ಹತ್ತಲಿಲ್ಲ. ನನಗೇನೂ ನಷ್ಟವೆನಿಸಲಿಲ್ಲ.

ನಿವೃತ್ತನಾದ ಮೇಲೂ ಜನ ನನ್ನನ್ನು ಕೇಳುತ್ತಾರೆ, ಕಾರು ಸಾಲದಲ್ಲಿ ಕೊಳ್ಳಬೇಕೋ ನಗದು ಕೊಟ್ಟೋ ಎಂದು. ಬಡ್ಡಿಯ ಲೆಕ್ಕ ಒಂದು ಚಹಾ ಕುಡಿಯುವಷ್ಟರಲ್ಲಿ ಮುಗಿಯುತ್ತದೆ. ನಾನು ಮೊದಲು ಕೇಳುವುದು ಗಾಡಿ ಯಾರ ಹೆಸರಿನಲ್ಲಿ, ಅವರು ಕಾಗದ ಓದಿದ್ದಾರೆಯೇ ಎಂದು. ಆ ಕೆಲಸ ನನಗೆ ಕಲಿಸಿದ್ದು ಇಷ್ಟೇ. ಗೌಡರು ಹೇಳಿದಂತೆ ಪೂರ್ತಿ ನಗದು ಕೊಟ್ಟು ಅಳಿಯನ ಹೆಸರಿಗೆ ಮಾಡಿದ್ದರೆ ಆ ಬಾಗಿಲಿಗೆ ಯಾರೂ ಹೋಗುತ್ತಿರಲಿಲ್ಲ. ತಂದೆ ಹೋಗಿರಲಿಲ್ಲ, ಬಂಧುಗಳು ಹೋಗಿರಲಿಲ್ಲ, ನಾಲ್ಕು ಹೆಜ್ಜೆ ದೂರದ ಠಾಣೆಯವರೂ ಹೋಗಿರಲಿಲ್ಲ. ಹೋದವನು ನಾನೊಬ್ಬನೇ, ನಾನು ಹೋದದ್ದೂ ಕಾರಿಗಾಗಿ.